ಉಪ್ಪಿನ ಬಯಲಿನ ವಿಮಾನ ನೆಲೆ

ಅಮೆರಿಕದ ಸಂಯುಕ್ತ ಸಂಸ್ಥಾನಗಳ ಪಶ್ಚಿಮ ಭಾಗದಲ್ಲಿ, ಯೂಟಾ ಮತ್ತು ನೆವಾಡಾ ಎಂಬ ಎರಡು ಸಂಸ್ಥಾನಗಳು ಕೂಡುವ ಗಡಿಯ ಮೇಲೆ, ವೆಂಡೋವರ್ ಎಂಬ ಒಂದು ಸಣ್ಣ ಊರಿರುವುದು. ನಮ್ಮ ವಾಚಕರಲ್ಲಿ ಬಹುಮಂದಿ ಈ ಹೆಸರನ್ನು ಕೇಳಿರಲಾರರು. ಆದರೆ ಹಿರೋಷಿಮಾ ಎಂಬ ಹೆಸರನ್ನು ಕೇಳದವರಿಲ್ಲ. ೧೯೪೫ನೆಯ ಇಸವಿ ಆಗಸ್ಟ್ ತಿಂಗಳ ೬ನೆಯ ತಾರೀಖಿನ ಬೆಳಿಗ್ಗೆ ಆ ನಗರದ ಮೇಲೆ ಪರಮಾಣು ಬಾಂಬನ್ನು ಹಾಕಿದವರು ಆ ಕೆಲಸವನ್ನು ಅಭ್ಯಾಸಮಾಡಿದುದು ಈ ವೆಂಡೋವರಿನಲ್ಲಿ. ವಿಶೇಷವೇನೆಂದರೆ, ಅಭ್ಯಾಸಮಾಡಿದವರಲ್ಲಿ ಬೆರಳೆಣಿಕೆಯ ಕೆಲವರನ್ನು ಬಿಟ್ಟರೆ ಉಳಿದವರಾರಿಗೂ ತಾವು ಯಾವುದಕ್ಕಾಗಿ ಸಿದ್ಧರಾಗುತ್ತಿರುವೆವೆಂಬುದು ಗೊತ್ತಿರಲಿಲ್ಲ. ಈ ತಿಂಗಳು ಆ ವಿಮಾನ ನೆಲೆಯ ಚರಿತ್ರೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕೆಂದಿದ್ದೇವೆ.

ಮೊದಲು ನೆಲದ ವಿಷಯ. ವೆಂಡೋವರಿನಿಂದ ಪೂರ್ವಕ್ಕೆ ಕಣ್ಣು ಹರಿಯುವಷ್ಟು ದೂರವೂ ಬೆಳ್ಳಗೆ ಹಾಸಿಕೊಂಡಿರುವುದು ಮರಳಲ್ಲ, ಹಿಮವೂ ಅಲ್ಲ, ಉಪ್ಪು. ಸಹಸ್ರಾರು ವರ್ಷಗಳ ಹಿಂದೆ ಇಲ್ಲಿ ಒಂದು ಮಹಾಸರೋವರವಿದ್ದಿತು. ಭೂಗರ್ಭಶಾಸ್ತ್ರಜ್ಞರು ಅದನ್ನು ಬಾನ್‌ವಿಲ್ ಸರೋವರವೆಂದು ಕರೆಯುವರು. ಅದು ಬತ್ತಿಹೋದ ಮೇಲೆ ಉಳಿದುದು ಗ್ರೇಟ್ ಸಾಲ್ಟ್ ಲೇಕ್ ಎಂಬ ಉಪ್ಪುನೀರಿನ ಸರೋವರ, ಮತ್ತು ಒಂದು ಹುಲ್ಲುಕಡ್ಡಿಯೂ ಹುಟ್ಟದ ಈ ಬಯಲು. ೧೮೪೬ರಲ್ಲಿ ಡಾನರ್ ಎಂಬ ಮನೆತನದವರನ್ನು ಮುಂದಿಟ್ಟುಕೊಂಡು ಕ್ಯಾಲಿಫೋರ್ನಿಯಾಕ್ಕೆ ಹೊರಟಿದ್ದ ವಲಸೆಗಾರರ ಒಂದು ತಂಡವು, ದಾಟಬೇಕಾದುದು ನಲವತ್ತು ಮೈಲಿಯೆಂಬ ಮಾತನ್ನು ನಂಬಿ ಹೆಂಡಿರುಮಕ್ಕಳೊಡನೆ ಈ ಬಯಲಿಗಿಳಿಯಿತು. ಅದು ಎಂಬತ್ತು ಮೈಲಿಯೆಂದು ಅವರಿಗೆ ತಿಳಿಯುವ ವೇಳೆಗೆ ಅನೇಕ ಎತ್ತುಗಳು ಹೋಗಿದ್ದವು, ಗಾಡಿಗಳು ಕೆಸರಿನಲ್ಲಿ ನಿಂತಿದ್ದವು. ಪೈಲಟ್ ಪೀಕ್ ಎಂಬ ಬೆಟ್ಟದ ಬುಡದ ಒಂದು ಊಟೆಯ ನೀರು ಅವರ ಪ್ರಾಣವನ್ನು ಉಳಿಸಿತು. ಆದರೆ ಇಲ್ಲಿ ತಡವಾದ ಕಾರಣದಿಂದಲೂ ಮುಂದೆ ಸಿಯೆರಾ ನೆವಾಡಾ ಪರ್ವತಗಳ ಹಿಮದಲ್ಲಿ ಸಿಕ್ಕಿಕೊಂಡು ಅವರಲ್ಲಿ ಅನೇಕರು ಸತ್ತರು.

ಇಂತಹ ಕಡೆಯಲ್ಲಿ ಊರೊಂದು ಹುಟ್ಟಿದುದು ರೈಲಿನ ದೆಸೆಯಿಂದ. ಈ ಶತಮಾನಕ್ಕೆ ಹಿಂದಿನ ಶತಮಾನದ ಮೊದಲ ದಶಕದಲ್ಲಿ ವೆಸ್ಟರ್ನ್ ಪೆಸಿಫಿಕ್ ರೈಲ್ವೆಯವರು ಉಪ್ಪಿನ ಮೇಲೆ ಹಳಿಯನ್ನು ಹಾಕಿ, ಉಗಿಬಂಡಿಗೆ ನೀರು ತುಂಬಿಸುವುದಕ್ಕಾಗಿ ಬಯಲಿನ ಪಶ್ಚಿಮದ ಅಂಚಿನಲ್ಲಿ ಒಂದು ನಿಲ್ದಾಣವನ್ನು ಮಾಡಿದರು. ನೀರು ಊರಿನದಲ್ಲ, ಬೆಟ್ಟದಿಂದ ಕೊಳವೆಯಲ್ಲಿ ಬರಬೇಕು. ಆ ನಿಲ್ದಾಣವೇ ವೆಂಡೋವರ್. ೧೯೧೪ರ ಜೂನ್ ೧೭ರಂದು ಅಟ್ಲಾಂಟಿಕ್ ಕರೆಯಿಂದಲೂ ಪೆಸಿಫಿಕ್ ಕರೆಯಿಂದಲೂ ಎಳೆದುಕೊಂಡು ಬಂದ ದೂರವಾಣಿಯ ತಂತಿಗಳನ್ನು ಒಂದಕ್ಕೊಂದು ಸೇರಿಸಿದುದು ಇಲ್ಲಿಯೇ. ಒಂದು ಖಂಡದ ಎರಡು ತುದಿಯ ಜನರು ಪರಸ್ಪರ ಮಾತನಾಡುವಂತಾದ ಸ್ಥಳವು ಮೂವತ್ತು ವರ್ಷಗಳ ತರುವಾಯ ಮಾತೇ ಆಡಕೂಡದ ಸ್ಥಳವಾಯಿತು. ೧೯೪೦ರಲ್ಲಿ ಊರಿನ ಜನಸಂಖ್ಯೆ ಸುಮಾರು ನೂರು.

ಆ ವರ್ಷ ಯೂರೋಪಿನಲ್ಲಿ ಯುದ್ಧವು ನಡೆಯುತ್ತಿದ್ದಿತು. ಅಮೆರಿಕ ಇನ್ನೂ ಅದಕ್ಕೆ ಇಳಿದಿರಲಿಲ್ಲವಾದರೂ ದೊಡ್ಡ ಬಾಂಬು ವಿಮಾನಗಳನ್ನು ನಡೆಸುವವರನ್ನು ಸಾವಿರಗಟ್ಟಲೆಯಾಗಿ ತಯಾರಿಸಬೇಕಾಗುವುದೆಂದು ಅಲ್ಲಿನ ಸೈನ್ಯಾಧಿಕಾರಿಗಳು ತಿಳಿದಿದ್ದರು. ಬಾಂಬು ಹಾಕುವುದನ್ನು ಕಲಿಸಲು ಬೇಕಾದುದು ಯಾರೂ ವಾಸಿಸದ ವಿಶಾಲವಾದ ಭೂಮಿ, ಮೋಡವಿಲ್ಲದ ಆಕಾಶ, ಸಾಮಾನು ತರಲು ಒಂದು ರೈಲು ದಾರಿ, ಮತ್ತು ಶತ್ರುವಿನ ಹಡಗುಗಳಿಗೆ ಎಟುಕದಷ್ಟು ದೂರ. ಇವೆಲ್ಲವೂ ವೆಂಡೋವರಿನಲ್ಲಿ ಒಟ್ಟಿಗೆ ದೊರೆತುವು. ಅಲ್ಲದೆ ಭೂಮಿಯ ಬಹುಭಾಗ ಸರ್ಕಾರದ್ದೇ. ಸುತ್ತಲಿನ ಹುಲ್ಲುಗಾವಲುಗಳಲ್ಲಿ ಕುರಿದನಗಳನ್ನು ಮೇಯಿಸುತ್ತಿದ್ದವರು ತಕರಾರು ಮಾಡಿದರು; ಯುದ್ಧದ ಭರದಲ್ಲಿ ಅದು ನಡೆಯಲಿಲ್ಲ. ಹದಿನೆಂಟು ಲಕ್ಷ ಎಕರೆ, ಎಂದರೆ ಸುಮಾರು ೨,೮೦೦ ಚದರ ಮೈಲಿ ಭೂಮಿಯನ್ನು ಬಾಂಬು ಮತ್ತು ಬಂದೂಕಿನ ಅಭ್ಯಾಸಕ್ಕೆಂದು ಮೀಸಲಿಟ್ಟರು. ೧೯೪೧ರ ಆಗಸ್ಟಿನಲ್ಲಿ ಮೊದಲನೆಯ ಸಣ್ಣ ತುಕಡಿ ಬಂದಿಳಿಯಿತು. ಆ ಡಿಸೆಂಬರಿನಲ್ಲಿ ಜಪಾನೀಯರು ಪರ್ಲ್ ಹಾರ್ಬರಿನ ಮೇಲೆ ಬಿದ್ದರು. ೧೯೪೩ರ ಕೊನೆಯ ವೇಳೆಗೆ ನೂರು ಜನರ ಊರಿನ ಪಕ್ಕದಲ್ಲಿ ಹದಿನೇಳು ಸಾವಿರಕ್ಕೂ ಹೆಚ್ಚು ಸೈನಿಕರು, ಎರಡು ಸಾವಿರ ಮಂದಿ ಇತರ ನೌಕರರು, ಆರುನೂರಕ್ಕೂ ಮೀರಿದ ಕಟ್ಟಡಗಳು, ಮುನ್ನೂರು ಹಾಸಿಗೆಗಳ ಆಸ್ಪತ್ರೆ, ಸಿನಿಮಾ ಮಂದಿರಗಳು, ಪ್ರಾರ್ಥನಾ ಮಂದಿರ, ಈಜುವ ಕೊಳ! ಕಟ್ಟಡಗಳೆಂದರೆ ಬಹುಮಟ್ಟಿಗೆ ಹಲಗೆ ಮತ್ತು ಡಾಂಬರು ಕಾಗದದ ಕೊಟ್ಟಿಗೆಗಳು. ಬೇಸಗೆಯಲ್ಲಿ ಉಪ್ಪಿನ ಬಿಳುಪು ಕಣ್ಣನ್ನು ಕುಕ್ಕುವುದು. ಚಳಿಗಾಲದಲ್ಲಿ ಗಾಳಿಯು ಹಲಗೆಯ ಸಂದಿನಲ್ಲಿ ನುಗ್ಗುವುದು. ಬಾಬ್ ಹೋಪ್ ಎಂಬ ಹಾಸ್ಯನಟನು ಈ ಊರಿಗೆ ‘ಲೆಫ್ಟೋವರ್’, ಅಂದರೆ ಉಂಡುಳಿದದ್ದು, ಎಂದು ಹೆಸರಿಟ್ಟನೆಂಬ ಕಥೆಯನ್ನು ಅಲ್ಲಿನವರು ಈಗಲೂ ಹೇಳುವರು.

ಇಲ್ಲಿ ನಡೆಯುತ್ತಿದ್ದ ಶಿಕ್ಷಣವು ಎಂತಹುದು? ಬಿ-೧೭ ಎಂಬ ನಾಲ್ಕು ಯಂತ್ರಗಳ ವಿಮಾನದಲ್ಲಿ ಹತ್ತು ಮಂದಿ ಇರುವರು. ನಡೆಸುವವನು, ಅವನ ಸಹಾಯಕ, ದಾರಿ ಲೆಕ್ಕಹಾಕುವವನು, ಬಾಂಬು ಬಿಡುವವನು, ಯಂತ್ರ ನೋಡುವವನು, ರೇಡಿಯೋದವನು, ಉಳಿದವರು ಬಂದೂಕಿನವರು. ಮೊದಲ ತಿಂಗಳು ಪ್ರತಿಯೊಬ್ಬನೂ ತನ್ನ ತನ್ನ ಕೆಲಸವನ್ನು ಕಲಿಯುವನು. ಎರಡನೆಯ ತಿಂಗಳು ಹತ್ತು ಮಂದಿಯೂ ಒಂದೇ ಸಂಸಾರದಂತೆ ಕೂಡಿ ಕೆಲಸಮಾಡುವುದನ್ನು ಕಲಿಯುವರು. ಮೂರನೆಯ ತಿಂಗಳು ಹತ್ತಾರು ವಿಮಾನಗಳು ಹಕ್ಕಿಗಳ ಸಾಲಿನಂತೆ ಒತ್ತಾಗಿ ಹಾರುತ್ತ, ದೂರದ ಗುರಿಯನ್ನು ಹುಡುಕಿ ಹೋಗಿ ಬರುವುದನ್ನು ಕಲಿಯುವುವು. ಗುರಿಗಾಗಿ ಉಪ್ಪಿನಿಂದಲೇ ಒಂದು ಶತ್ರುನಗರವನ್ನು ಬಯಲಿನಲ್ಲಿ ಕಟ್ಟಿದ್ದರು. ೧೯೪೨ರ ಏಪ್ರಿಲಿನಿಂದ ೧೯೪೪ರವರೆಗೆ ಸುಮಾರು ಇಪ್ಪತ್ತು ಬಾಂಬರು ದಳಗಳು ಹೀಗೆ ತಯಾರಾಗಿ ಹೊರಟವು. ಮೊದಲು ಬಂದುದು ೩೦೬ನೆಯ ದಳ; ೧೯೪೩ರ ಜನವರಿ ೨೭ರಂದು ಅಮೆರಿಕದ ವಿಮಾನಗಳು ಮೊಟ್ಟಮೊದಲು ಜರ್ಮನಿಯ ನೆಲದ ಮೇಲೆ, ವಿಲ್ಹೆಲ್ಮ್ಸ್‌ಹಾವೆನ್ ಬಂದರಿನಲ್ಲಿ, ಬಾಂಬು ಹಾಕಿದಾಗ ಮುಂದಿದ್ದುದು ಇದೇ ದಳವು. ಇಲ್ಲಿ ಕಲಿತು ಹೋದ ೧೦೦ನೆಯ ದಳದ ಹದಿಮೂರು ವಿಮಾನಗಳು ಅದೇ ವರ್ಷ ಅಕ್ಟೋಬರ್ ೧೦ರಂದು ಜರ್ಮನಿಯ ಮ್ಯುನ್‌ಸ್ಟರ್ ನಗರದ ಮೇಲೆ ಹೋದವು. ಒಂದು ಹಿಂದಿರುಗಿತು. ಮೂರು ತಿಂಗಳ ಕಲಿಕೆ ಯಾವುದಕ್ಕೆ ಸಾಲುವುದೆಂಬುದನ್ನು ಇದರಿಂದ ಊಹಿಸಬಹುದು.

ಬಿ-೧೭ ಅಲ್ಲದೆ ಲಿಬರೇಟರ್ ಎಂಬ ಬಿ-೨೪ ವಿಮಾನದ ದಳಗಳೂ ಇಲ್ಲಿ ಕಲಿತುವು. ಈ ಲಿಬರೇಟರುಗಳು ಬೆಂಗಳೂರಿನ ಹಳಬರಿಗೆ ಅಪರಿಚಿತವಲ್ಲ. ಯುದ್ಧಕಾಲದಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಅಮೆರಿಕದ ವಿಮಾನಗಳ ದುರಸ್ತಿಯು ನಡೆಯುತ್ತಿದ್ದಿತು. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಹಾಳುಬಿದ್ದಿದ್ದ ಲಿಬರೇಟರುಗಳನ್ನು ಹಾರುವಷ್ಟರ ಮಟ್ಟಿಗೆ ಸರಿಮಾಡಿ ಬೆಂಗಳೂರಿಗೆ ತಂದು, ನಮ್ಮ ಕೆಲಸಗಾರರು ಸುಮಾರು ನಲವತ್ತನ್ನು ಹೊಸದರಂತೆ ಮಾಡಿಕೊಟ್ಟರು. ಅವು ಭಾರತದ ವಾಯುಸೇನೆಯಲ್ಲಿ ೧೯೬೮ರವರೆಗೆ ಸೇವೆ ಸಲ್ಲಿಸಿದುವು. ಇದನ್ನು ಹೇಳಲು ಅವಕಾಶ ಸಿಕ್ಕಿದುದರಿಂದ ಹೇಳಿದೆವು. ಮತ್ತೆ ವೆಂಡೋವರಿಗೆ ಹೋಗೋಣ.

೧೯೪೪ರ ಸೆಪ್ಟೆಂಬರ್ ೧ರಂದು ಪಾಲ್ ಟಿಬೆಟ್ಸ್ ಎಂಬ ಲೆಫ್ಟಿನೆಂಟ್ ಕರ್ನಲನಿಗೆ ಕೊಲೊರಾಡೋ ಸಂಸ್ಥಾನದ ಒಂದು ಸೈನಿಕ ಕಚೇರಿಯಿಂದ ಕರೆ ಬಂದಿತು. ಆತನಿಗೆ ಇಪ್ಪತ್ತೊಂಬತ್ತು ವರ್ಷ. ಯೂರೋಪಿನಲ್ಲಿ ಅಮೆರಿಕದ ಭಾರಿ ಬಾಂಬರುಗಳ ಮೊದಲನೆಯ ದಾಳಿಯ ಮುಂದಾಳಾಗಿದ್ದವನು. ಆಮೇಲೆ ಬಿ-೨೯ ಎಂಬ ಇನ್ನೂ ದೊಡ್ಡ ವಿಮಾನವನ್ನು ಪರೀಕ್ಷಿಸುತ್ತಿದ್ದವನು. ಆ ವಿಮಾನದ ಯಂತ್ರಗಳಿಗೆ ಬೆಂಕಿ ಹತ್ತುತ್ತಿದ್ದುದರಿಂದ ಗಂಡಸರು ಅದನ್ನು ಹತ್ತಲು ಅಂಜುತ್ತಿದ್ದಾಗ, ಈತನು ಡೋರಾ ಡಾಹರ್ಟಿ, ಡೊರೋತಿಯಾ ಜಾನ್ಸನ್ ಎಂಬ ಇಬ್ಬರು ಹೆಣ್ಣುಮಕ್ಕಳಿಗೆ ಮೂರು ದಿನ ಕಲಿಸಿ, ಅವರಿಂದ ಅದನ್ನು ಹಾರಿಸಿ ತೋರಿಸಿದನು. ಗಂಡಸರು ಮರುಮಾತಾಡಲಿಲ್ಲ. ಇಂತಹವನನ್ನು ಕಚೇರಿಯಲ್ಲಿ ಗುಪ್ತಚಾರ ಶಾಖೆಯ ಅಧಿಕಾರಿಯು ಕೇಳಿದ ಪ್ರಶ್ನೆ, ‘ನಿನ್ನನ್ನು ಎಂದಾದರೂ ಪೋಲೀಸರು ಹಿಡಿದದ್ದುಂಟೋ?’ ಎಂಬುದು. ಹುಡುಗತನದ ನಾಚಿಕೆಗೇಡಿನ ಒಂದು ಪ್ರಸಂಗವನ್ನು ಟಿಬೆಟ್ಸನು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡನು. ಅಧಿಕಾರಿಗಳಿಗೆ ಅದು ಮೊದಲೇ ಗೊತ್ತಿದ್ದಿತು. ಅವರು ನೋಡಬೇಕಾಗಿದ್ದುದು ಈತನು ಸುಳ್ಳು ಹೇಳುವನೋ ಇಲ್ಲವೋ ಎಂಬುದನ್ನು. ಹೀಗೆ ಸತ್ಯ ನುಡಿದುದಕ್ಕಾಗಿ ಆತನು ಆರಿಸಲ್ಪಟ್ಟನು. ಆ ದಿನದಿಂದ ಹೆಂಡತಿಯ ಸಂಗಡ ಸಹ ಸುಳ್ಳು ಹೇಳಬೇಕಾಯಿತು.

ಅಂದು ಆತನಿಗೆ ಪರಮಾಣು ಬಾಂಬಿನ ಸಂಗತಿಯನ್ನು ತಿಳಿಸಿದರು. ಬಾಂಬು ಇನ್ನೂ ಸಿದ್ಧವಾಗಿರಲಿಲ್ಲ. ಅದನ್ನು ಹೊರುವ ವಿಮಾನಗಳನ್ನೂ ಹಾಕುವ ಜನರನ್ನೂ ಸಿದ್ಧಮಾಡುವ ಹೊಣೆ ಆತನದು. ಮೂರು ನೆಲೆಗಳನ್ನು ಮುಂದಿಟ್ಟಾಗ ಆತನು ವೆಂಡೋವರನ್ನು ಆರಿಸಿಕೊಂಡನು. ಸುತ್ತಲೂ ಉಪ್ಪಿನ ಬಯಲಾದುದರಿಂದ ಗುಟ್ಟು ಹೊರಕ್ಕೆ ಹೋಗಲು ದಾರಿಯಿಲ್ಲ. ಅದೇ ತಿಂಗಳು ೩೯೩ನೆಯ ತುಕಡಿಯು ನೆಬ್ರಾಸ್ಕಾದಿಂದ ಬಂದಿತು. ಡಿಸೆಂಬರ್ ೧೭ರಂದು ೫೦೯ನೆಯ ಸಂಯುಕ್ತ ದಳವೆಂಬ ಹೆಸರಿನಲ್ಲಿ ಸುಮಾರು ೧,೮೦೦ ಮಂದಿಯ ಒಂದು ಸ್ವತಂತ್ರ ಪಡೆಯೇ ಏರ್ಪಟ್ಟಿತು. ಸಾಮಾನು ಸಾಗಿಸುವ ವಿಮಾನಗಳು, ದುರಸ್ತಿಯವರು, ಪೋಲೀಸರು, ಎಲ್ಲವೂ ಅದರೊಳಗೇ. ಹೊರಗಿನವರನ್ನು ಏನನ್ನೂ ಕೇಳಬೇಕಾಗಿಲ್ಲ.

ವಿಮಾನಗಳನ್ನೂ ಬದಲಾಯಿಸಿದರು. ಬಿ-೨೯ರ ರೆಕ್ಕೆಗಳ ಹರವು ೧೪೧ ಅಡಿ. ಬಾಲದ ಬಂದೂಕುಗಳನ್ನುಳಿದು ಮಿಕ್ಕ ಬಂದೂಕುಗಳನ್ನೂ ಕವಚವನ್ನೂ ತೆಗೆದುಹಾಕಿ ಭಾರವನ್ನು ಸಾವಿರಾರು ಪೌಂಡು ಕಡಮೆಮಾಡಿದರು. ಅನೇಕ ಸಣ್ಣ ಬಾಂಬುಗಳ ಬದಲು ಐದು ಟನ್ನಿನ ಒಂದೇ ಬಾಂಬನ್ನು ತೂಗುಹಾಕಬೇಕಾದುದರಿಂದ, ಬ್ರಿಟಿಷರ ಲಂಕಾಸ್ಟರ್ ವಿಮಾನದಲ್ಲಿದ್ದ ಬಗೆಯ ಕೊಕ್ಕೆಯನ್ನು ತಂದು ಕೂಡಿಸಿದರು. ಅಭ್ಯಾಸಕ್ಕೆಂದು ನಿಜವಾದ ಬಾಂಬಿನ ಆಕಾರವೂ ತೂಕವೂ ಇರುವ ಹುಸಿ ಬಾಂಬುಗಳನ್ನು ಮಾಡಿದ್ದರು. ಗುಂಡಗೆ ಉಬ್ಬಿದ್ದುದರಿಂದ ಒಂದು ಬಗೆಗೆ ‘ಕುಂಬಳಕಾಯಿ’ ಎಂದೇ ಹೆಸರು. ೩೦,೦೦೦ ಅಡಿಯ ಎತ್ತರಕ್ಕೆ ಏರುವುದು, ಬಯಲಿನ ಮೇಲೆ ಬರೆದ ವೃತ್ತದ ನಡುವೆ ಒಂದನ್ನು ಬೀಳಿಸುವುದು, ಬೀಳಿಸಿದ ಕ್ಷಣವೇ ವಿಮಾನವನ್ನು ಒಂದು ಪಕ್ಕಕ್ಕೆ ವಾಲಿಸಿ ಬಂದ ದಿಕ್ಕಿಗೇ ಹಿಂದಿರುಗಿ ಓಡುವುದು. ತಿಂಗಳುಗಟ್ಟಲೆ ಇದೊಂದೇ ಕೆಲಸ. ಒಂದೇ ಒಂದು ಬಾಂಬನ್ನು ಏಕೆ ಹಾಕಬೇಕು? ಹಾಕಿದ ಮೇಲೆ ದೆವ್ವ ಕಂಡವರಂತೆ ಏಕೆ ಓಡಬೇಕು? ಕೇಳಕೂಡದು. ಓಡದಿದ್ದರೆ ಸ್ಫೋಟದ ಅಲೆಯೇ ವಿಮಾನವನ್ನು ಮುರಿಯಬಹುದೆಂದು ವಿಜ್ಞಾನಿ ಓಪೆನ್‌ಹೈಮರನು ಟಿಬೆಟ್ಸನಿಗೆ ಹೇಳಿದ್ದನು. ಕೇಳಿದವನು ಅದನ್ನು ಮನಸ್ಸಿನಲ್ಲೇ ಇಟ್ಟುಕೊಂಡನು.

ಆರು ಕಿವಿಗಳಿಗೆ ಬಿದ್ದ ಮಾತು ನಿಲ್ಲದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ವೆಂಡೋವರಿನಲ್ಲಿ ಮೂರು ಸಾವಿರಕ್ಕೂ ಹೆಚ್ಚು ಕಿವಿಗಳಿದ್ದವು. ಆದುದರಿಂದ ಅಧಿಕಾರಿಗಳು ಮಾತನ್ನು ಕಿವಿಗೆ ಬೀಳಿಸಲೇ ಇಲ್ಲ. ಇಲ್ಲಿ ಕಂಡುದನ್ನು, ಕೇಳಿದುದನ್ನು ಇಲ್ಲಿಯೇ ಬಿಟ್ಟು ಹೋಗತಕ್ಕದ್ದೆಂದು ಹಲಗೆಗಳನ್ನು ನಿಲ್ಲಿಸಿದ್ದರು. ಕಾಗದಗಳನ್ನು ಒಡೆದು ಓದುವರು. ದೂರವಾಣಿಯ ಮಾತನ್ನು ಕದ್ದು ಕೇಳುವರು. ಸಾಮಾನ್ಯರ ವೇಷದಲ್ಲಿ ಗುಪ್ತಚಾರರು ಪಾನಗೃಹಗಳಲ್ಲಿ ಕುಳಿತಿರುವರು. ನಾಲಿಗೆ ಸಡಿಲಬಿಟ್ಟ ಕೆಲವರನ್ನು ಅಲಾಸ್ಕಾದ ಹಿಮಕ್ಕೆ ವರ್ಗಮಾಡಿದರಂತೆ.

ಗೃಹಸ್ಥರಾದ ನಮಗೆ ಇಲ್ಲಿ ಹೆಚ್ಚು ಯೋಚನೆಗೆ ಎಡೆಯಾಗುವುದು ಮನೆಗಳ ಸಂಗತಿ. ಕುಟುಂಬಗಳನ್ನು ಕರತರಲು ಟಿಬೆಟ್ಸನು ಅನುಮತಿಕೊಟ್ಟಿದ್ದನು. ತನ್ನ ಪತ್ನಿ ಲೂಸಿಯನ್ನೂ ಮಕ್ಕಳನ್ನೂ ಕರತಂದಿದ್ದನು. ಬಾಂಬಿನ ಕೆಲಸಕ್ಕಾಗಿ ಬಂದುಹೋಗುತ್ತಿದ್ದ ವಿಜ್ಞಾನಿಗಳನ್ನು ಕಂಡು ಆಕೆ ಇವರಾರೆಂದು ಕೇಳಿದಳು. ಚರಂಡಿ ನೈರ್ಮಲ್ಯದ ಇಂಜಿನಿಯರುಗಳೆಂದು ಗಂಡನು ಉತ್ತರಕೊಟ್ಟನು. ಗೃಹಿಣಿಯಾದವಳು ಮತ್ತೇನು ಮಾಡಿಯಾಳು? ಮನೆಯಲ್ಲಿ ನೀರು ಹೋಗುವ ಕೊಳವೆ ಕಟ್ಟಿಕೊಂಡಿದ್ದಿತು. ಅವರಲ್ಲೊಬ್ಬನನ್ನು ಕರೆದು ಸರಿಮಾಡಿಕೊಡೆಂದಳು. ಪರಮಾಣುವನ್ನು ಒಡೆಯುವ ವಿದ್ಯೆ ಬಲ್ಲ ಆ ಪಂಡಿತನು ತೋಳು ಮಡಿಸಿ ಕೊಳವೆಯ ಕಸ ತೆಗೆಯುತ್ತಿರುವುದನ್ನು ಟಿಬೆಟ್ಸನು ಬಂದು ನೋಡಿದನು. ಕೇಳಿದವರಿಗೆ ನಗು ಬರುವ ಕಥೆಯೇ ಸರಿ. ಆದರೆ ಆ ಮನೆಯೊಳಗೆ ದಿನವೂ ನಗುವಿರಲಿಲ್ಲ. ಏನು ಕೇಳಿದರೂ ಉತ್ತರವಿಲ್ಲ, ಅಥವಾ ಸುಳ್ಳು ಉತ್ತರ, ರಾತ್ರಿಯೆಲ್ಲ ಕೆಲಸ, ಹೇಳದೆ ಊರು ಬಿಟ್ಟು ಹೋಗುವುದು. ಹತ್ತು ವರ್ಷಗಳ ತರುವಾಯ, ೧೯೫೫ರಲ್ಲಿ, ಆ ದಂಪತಿಗಳು ಬೇರೆಯಾದರು.

ಇನ್ನು ಉಳಿದವರು. ಅವರಲ್ಲಿ ಅಡಿಗೆಯವರು, ತಿರುಪು ಬಿಗಿಯುವವರು, ಹವಾ ನೋಡುವವರು, ಲೆಕ್ಕ ಬರೆಯುವವರು. ಪ್ರತಿಯೊಬ್ಬನ ಪಾಲಿನ ಕೆಲಸವೂ ನಿರ್ದೋಷವಾದುದೇ. ಕೊಕ್ಕೆಗೆ ಎಣ್ಣೆ ಹಾಕಿದವನು ಕೊಕ್ಕೆಗೆ ಎಣ್ಣೆ ಹಾಕಿದನು, ಅಷ್ಟೆ. ತುಂಡು ತುಂಡಾಗಿ ಹಂಚಿದ ಕೆಲಸದಲ್ಲಿ ಇಡೀ ಕೆಲಸವು ಯಾರ ಕೈಯಲ್ಲಿಯೂ ಇರುವುದಿಲ್ಲ. ಅರಿಯದೆ ಮಾಡಿದವನಿಗೆ ಹೊಣೆಯಿಲ್ಲವೆಂದು ಹೇಳುವುದು ಸುಲಭ. ನಾವೂ ಬಹುಮಟ್ಟಿಗೆ ಹಾಗೆಯೇ ಹೇಳುವೆವು. ಆದರೆ ಆ ಅರಿಯದಿರುವಿಕೆಯನ್ನು ಇಷ್ಟು ಶ್ರಮಪಟ್ಟು, ಇಷ್ಟು ಹಣ ಸುರಿದು, ಬೇಲಿ ಕಟ್ಟಿ ಬೆಳೆಸಿದವರ ವಿಷಯದಲ್ಲಿ ಅಷ್ಟು ಸುಲಭವಾಗಿ ಹೇಳಲು ನಮಗೆ ಮನಸ್ಸು ಬಾರದು. ಯುದ್ಧವು ಬೇಗ ಮುಗಿದು ಲಕ್ಷಾಂತರ ಮಂದಿ ಉಳಿದರೆಂಬುದು ಅವರ ಕಡೆಯ ವಾದ. ಬಾಂಬಿಲ್ಲದೆಯೂ ಜಪಾನು ಶರಣಾಗುತ್ತಿತ್ತೆಂಬುದು ಇನ್ನೊಂದು ಕಡೆಯ ವಾದ. ಪಂಡಿತರು ಇಂದಿಗೂ ಒಮ್ಮತಕ್ಕೆ ಬಂದಿಲ್ಲ. ವೆಂಡೋವರಿನ ತಿರುಪು ಬಿಗಿಯುವವನಿಗಾದರೋ ಯಾವ ವಾದವನ್ನೂ ಕೇಳುವ ಅವಕಾಶವೇ ದೊರೆಯಲಿಲ್ಲ.

೧೯೪೫ರ ಏಪ್ರಿಲ್ ಕೊನೆಯಲ್ಲಿ ದಳದ ಬಹುಭಾಗವು ರೈಲಿನಲ್ಲಿ ಹೊರಟು, ಸಿಯಾಟಲ್ ಬಂದರಿನಿಂದ ಹಡಗು ಹತ್ತಿ, ಪೆಸಿಫಿಕ್ ಸಾಗರದ ಟಿನಿಯನ್ ದ್ವೀಪವನ್ನು ಸೇರಿತು. ವಿಮಾನಗಳು ಆಮೇಲೆ ಒಂದೊಂದಾಗಿ ಹಾರಿ ಹೋದವು. ಆಗಸ್ಟ್ ೫ರಂದು ಟಿಬೆಟ್ಸನು ತಾನು ನಡೆಸಬೇಕಾಗಿದ್ದ ವಿಮಾನದ ಮೂತಿಯ ಮೇಲೆ ‘ಎನೋಲಾ ಗೇ’ ಎಂದು ಬರೆಯಿಸಿದನು. ಅದು ಆತನ ತಾಯಿಯ ಹೆಸರು. ಮಗನು ವೈದ್ಯನಾಗಬೇಕೆಂದು ತಂದೆಯು ಹಟಹಿಡಿದಿದ್ದಾಗ, ಹಾರುವ ಆಸೆಯಿದ್ದರೆ ಹಾರಲೆಂದು ಮಗನ ಕಡೆ ನಿಂತವಳು ಆ ತಾಯಿ. ಆಕೆಯ ಹೆಸರನ್ನು ಜಗತ್ತು ಈಗ ಯಾವುದಕ್ಕಾಗಿ ನೆನೆಯುವುದೆಂದು ಯೋಚಿಸಿದರೆ ಮನಸ್ಸು ಕಲಕುವುದು. ಆ ಸಂಜೆ ವಿಮಾನದವರಿಗೆ ಬಾಂಬಿನ ಬಲವು ಇಪ್ಪತ್ತು ಸಾವಿರ ಟನ್ ಸಿಡಿಮದ್ದಿಗೆ ಸಮನೆಂದು ತಿಳಿಸಿದರು. ಪರಮಾಣು ಎಂಬ ಶಬ್ದವನ್ನು ಆಗಲೂ ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಎಂಟೂಕಾಲು ಗಂಟೆಗೆ ಎನೋಲಾ ಗೇ ಹಿರೋಷಿಮಾದ ಮೇಲೆ ಬಾಂಬನ್ನು ಬಿಟ್ಟು, ಉಪ್ಪಿನ ಬಯಲಿನ ಮೇಲೆ ನೂರಾರು ಸಲ ಕಲಿತಿದ್ದಂತೆಯೇ ವಾಲಿ ತಿರುಗಿತು. ಬಾಂಬು ಕೆಳಗಿಳಿಯಲು ಹಿಡಿದುದು ೪೩ ಸೆಕೆಂಡು. ಆ ಹೊತ್ತಿಗೆ ನಗರದಲ್ಲಿ ಜನರು ಕೆಲಸಕ್ಕೆ ಹೊರಟಿದ್ದರು. ಬೆಂಕಿ ಹರಡದಂತೆ ಮನೆಗಳ ನಡುವೆ ಬಯಲು ಬಿಡಿಸುವ ಕೆಲಸಕ್ಕೆ ಸಾವಿರಾರು ಶಾಲೆಯ ಮಕ್ಕಳನ್ನು ಬೀದಿಗೆ ಕರತಂದಿದ್ದರು. ಆ ವರ್ಷದ ಕೊನೆಯೊಳಗೆ ಸತ್ತವರು ಸುಮಾರು ೧,೪೦,೦೦೦ ಎಂದು ಅಂದಾಜು. ಮೂರು ದಿನಗಳ ಮೇಲೆ, ಆಗಸ್ಟ್ ೯ರಂದು, ಚಾರ್ಲ್ಸ್ ಸ್ವೀನಿ ಎಂಬವನು ನಡೆಸಿದ ‘ಬಾಕ್ಸ್‌ಕಾರ್’ ವಿಮಾನವು ಕೊಕುರಾ ನಗರಕ್ಕೆ ಹೋಗಿ, ಅಲ್ಲಿ ಗುರಿ ಕಾಣದಿದ್ದುದರಿಂದ ನಾಗಾಸಾಕಿಗೆ ತಿರುಗಿತು. ಅಲ್ಲಿಯೂ ಎಪ್ಪತ್ತು ಸಾವಿರದಷ್ಟು ಮಂದಿ ಸತ್ತರು. ತಾವು ಏನನ್ನು ಅಭ್ಯಾಸಮಾಡಿದ್ದೆವೆಂಬುದನ್ನು ವೆಂಡೋವರಿನಲ್ಲಿ ಉಳಿದಿದ್ದವರು ರೇಡಿಯೋದಲ್ಲಿಯೂ ಪತ್ರಿಕೆಗಳಲ್ಲಿಯೂ ಇತರ ಜನರ ಸಂಗಡವೇ ತಿಳಿದುಕೊಂಡರು.

ಟಿಬೆಟ್ಸನು ತಾನು ಮಾಡಿದುದಕ್ಕೆ ಎಂದೂ ಪಶ್ಚಾತ್ತಾಪ ಪಡಲಿಲ್ಲ. ಕೇಳಿದವರಿಗೆಲ್ಲ ಹಾಗೆಯೇ ಹೇಳಿದನು. ೨೦೦೭ರ ನವೆಂಬರ್ ೧ರಂದು ತೊಂಬತ್ತೆರಡನೆಯ ವಯಸ್ಸಿನಲ್ಲಿ ತೀರಿಕೊಂಡನು. ಸಮಾಧಿಯ ಕಲ್ಲು ಇದ್ದರೆ ವಿರೋಧಿಗಳು ಅಲ್ಲಿ ಬಂದು ಕೂಡುವರೆಂದು ಕಲ್ಲು ಬೇಡವೆಂದಿದ್ದನು. ಅಂದು ಎನೋಲಾ ಗೇ ವಿಮಾನದಲ್ಲಿದ್ದವರಲ್ಲಿ ಕೊನೆಯವನಾದ, ದಾರಿ ಲೆಕ್ಕಹಾಕುತ್ತಿದ್ದ ಥಿಯೊಡೋರ್ ವಾನ್ ಕರ್ಕನು ೨೦೧೪ರಲ್ಲಿ ತೀರಿಕೊಂಡನು. ವಿಮಾನವು ವರ್ಜೀನಿಯಾ ಸಂಸ್ಥಾನದ ಒಂದು ವಸ್ತುಸಂಗ್ರಹಾಲಯದಲ್ಲಿದೆ.

ನೆಲೆಯಾದರೋ ಯುದ್ಧದ ತರುವಾಯ ಬೇಗನೆ ಬರಿದಾಯಿತು. ಕೆಲವು ಕಾಲ ಅಲ್ಲಿ ಚಾಲಕನಿಲ್ಲದೆ ಹಾರುವ ಬಾಂಬುಗಳನ್ನು ಪರೀಕ್ಷಿಸಿದರು. ೧೯೭೭ರಲ್ಲಿ ವಿಮಾನ ನಿಲ್ದಾಣವನ್ನು ಊರಿನವರಿಗೆ ಬಿಟ್ಟುಕೊಟ್ಟರು. ಬಾಂಬಿನ ಬಯಲಿನ ಭಾಗಗಳನ್ನು ವಾಯುಸೇನೆಯು ಈಗಲೂ ಅಭ್ಯಾಸಕ್ಕೆ ಉಪಯೋಗಿಸುತ್ತಿರುವುದು. ಗಡಿಯ ಆಚೆ, ನೆವಾಡಾದ ಕಡೆಯಲ್ಲಿ, ಜೂಜಿನ ಮಂದಿರಗಳ ದೀಪಗಳು ರಾತ್ರಿಯೆಲ್ಲ ಉರಿಯುವುವು. ಈಚೆ ಕಡೆ ಹಲಗೆಯ ಕೊಟ್ಟಿಗೆಗಳು ಹಲವು ಬಿದ್ದಿವೆ, ಕೆಲವು ನಿಂತಿವೆ. ಬಿ-೨೯ಗಳ ದೊಡ್ಡ ಹ್ಯಾಂಗರನ್ನು ದುರಸ್ತಿಮಾಡಿ ಉಳಿಸಿಕೊಂಡಿದ್ದಾರೆ. ವಿಮಾನದ ಹೊಟ್ಟೆಯ ಕೆಳಗೆ ನೂಕಲಾಗದಷ್ಟು ದೊಡ್ಡದಾಗಿದ್ದ ಬಾಂಬನ್ನು ಮೊದಲು ನೆಲದೊಳಕ್ಕಿಳಿಸಿ, ಮೇಲೆ ವಿಮಾನವನ್ನು ತಂದು ನಿಲ್ಲಿಸಿ, ಕೆಳಗಿನಿಂದ ಎತ್ತಿ ಕೊಕ್ಕೆಗೆ ಸಿಕ್ಕಿಸುತ್ತಿದ್ದ ಕಾಂಕ್ರೀಟಿನ ಗುಳಿಯೂ ಅಲ್ಲಿ ಹಾಗೆಯೇ ಇರುವುದು.